ಐಆರ್‌ಸಿ ಕ್ಲೈಂಟ್ ಆರಿಸುವಾಗ ಕೊಡಗಿನ ಮಳೆಯನ್ನೂ ಕನ್ನಡದ ಒತ್ತಕ್ಷರವನ್ನೂ ಲೆಕ್ಕಕ್ಕೆ ಹಿಡಿಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಯುವ ಪುಟದಲ್ಲಿ ಕಂಪ್ಯೂಟರ್‌ಗೆ ಐಆರ್‌ಸಿ ಕ್ಲೈಂಟ್ (ಇಂಟರ್‌ನೆಟ್‌ನಲ್ಲಿ ಪಠ್ಯದ ಮಾತುಕತೆಗೆ ಸೇರಿಸುವ ತಂತ್ರಾಂಶ) ಆರಿಸಿಕೊಳ್ಳುವ ಬಗ್ಗೆ ಬಂದ ಬರಹವನ್ನು ಓದಿದೆ. ಕನ್ನಡ ಪತ್ರಿಕೆಯೊಂದು ಈ ವಿಷಯಕ್ಕೆ ಅರ್ಧ ಪುಟ ಬಿಟ್ಟುಕೊಟ್ಟಿತಲ್ಲ ಎಂಬ ಸಂತೋಷ ಮೂರನೆಯ ಪ್ಯಾರಾದವರೆಗೆ ಉಳಿಯಿತು. ಫೈರ್‌ಫಾಕ್ಸ್ ಬ್ರೌಸರ್ ಇರುವವರು ಅದಕ್ಕೆ ಚಾಟ್‌ಜಿಲ್ಲಾ ಎಂಬ ಐಆರ್‌ಸಿ ಆಡ್-ಆನ್ ಸೇರಿಸಿಕೊಂಡರೆ ಸಾಕು ಎಂದು ಅಲ್ಲಿ ಬರೆದಿದೆ. ಆ ಬಗೆಯ ಹಳೆಯ ಆಡ್-ಆನ್‌ಗಳನ್ನು ಫೈರ್‌ಫಾಕ್ಸ್ 2017ರ ನವೆಂಬರ್‌ನಲ್ಲಿ ಬಂದ 57ನೇ ಆವೃತ್ತಿಯಲ್ಲೇ ಕೈಬಿಟ್ಟಿತು. ಸೀಮಂಕಿ ಎಂಬ ಇನ್ನೊಂದು ಬ್ರೌಸರ್ ಹಾಕಿಕೊಂಡವರಿಗೆ ಚಾಟ್‌ಜಿಲ್ಲಾ ಅದರೊಡನೆ ಸಿಗುತ್ತದೆ. ಫೈರ್‌ಫಾಕ್ಸ್‌ನಲ್ಲಿ ಹುಡುಕಿದರೆ ಹೊತ್ತು ಹೋಗುತ್ತದೆ, ಅಷ್ಟೇ. ಅದರ ಕೆಳಗೇ, ಸರ್ವರ್‌ನ ಯಾವ ಬಾಗಿಲಿಗೆ ಹೋಗಬೇಕೆಂದು ಹೇಳುವ ಪೋರ್ಟ್ ಸಂಖ್ಯೆ 6667 ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ಆ ದಾರಿಯಲ್ಲಿ ಸಾಮಾನ್ಯವಾಗಿ ಮಾತೂ ಪಾಸ್‌ವರ್ಡೂ ಗೂಢಲಿಪಿಯಿಲ್ಲದೆ ಬಟ್ಟಬಯಲಾಗಿ ಹೋಗುತ್ತವೆ. ಟಿಎಲ್‌ಎಸ್ ಎಂಬ ಗೂಢಲಿಪಿಯ ರಕ್ಷಣೆಯಿರುವ ಸಂಪರ್ಕಕ್ಕೆ ಬಳಕೆಯಲ್ಲಿರುವ ಸಂಖ್ಯೆ 6697. ಇವೆರಡಕ್ಕೂ ತಿದ್ದುಪಡಿ ಹಾಕುವಿರೆಂದು ನಂಬಿದ್ದೇನೆ.

ತಕರಾರು ಅಷ್ಟಕ್ಕೇ ನಿಂತಿದ್ದರೆ ಒಂದು ಅಂಚೆ ಕಾರ್ಡಿನಲ್ಲಿ ಮುಗಿಸುತ್ತಿದ್ದೆ. ಬರಹಗಾರರು ಒಂದೊಂದು ಕ್ಲೈಂಟ್‌ಗೂ ನಕ್ಷತ್ರ ಕೊಟ್ಟು ಪಟ್ಟಿ ಮಾಡಿದ್ದಾರೆ. ಅಂದಕ್ಕೆ ನಕ್ಷತ್ರ, ಬಣ್ಣಕ್ಕೆ ನಕ್ಷತ್ರ, ಇಮೋಜಿಗೂ ನಕ್ಷತ್ರ. ಸಂಪರ್ಕ ಕಡಿದು ಮತ್ತೆ ಬಂದಾಗ ಅದು ಏನು ಮಾಡುತ್ತದೆ ಎಂಬ ಸಾಲು ಎಲ್ಲಿಯೂ ಇಲ್ಲ. ಕನ್ನಡದ ಒತ್ತಕ್ಷರ ಪರದೆಯ ಮೇಲೆ ನೆಟ್ಟಗೆ ಮೂಡುತ್ತದೆಯೇ ಎಂಬುದೂ ಇಲ್ಲ. ಮನೆಯಲ್ಲಿ ಜನರೇಟರ್ ಇದ್ದು, ಫೈಬರ್ ಇದ್ದು, ಇಂಗ್ಲಿಷಿನಲ್ಲೇ ಬರೆಯುವವರಿಗೆ ಆ ಪಟ್ಟಿ ಸರಿಹೋಗಬಹುದು. ಸೋಮವಾರಪೇಟೆಯಲ್ಲಿ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ನಡೆಸುವ ನನಗೆ ಮೊದಲು ಬೇಕಾದ ಎರಡು ಅಂಕಣಗಳೇ ಅದರಲ್ಲಿಲ್ಲ.

ಐಆರ್‌ಸಿ ಎಂದರೆ ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. 1988ರ ಆಗಸ್ಟ್‌ನಲ್ಲಿ ಫಿನ್‌ಲ್ಯಾಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯಿಕರಿನೆನ್ ಇದನ್ನು ಬರೆದರು. 1993ರಲ್ಲಿ ಇದರ ನಿಯಮಾವಳಿ ಪ್ರಕಟವಾಯಿತು. ಯಾವ ಕಂಪನಿಯ ಸೊತ್ತೂ ಅಲ್ಲದ, ಬರಿಯ ಪಠ್ಯದ ಮಾತುಕತೆ. ಯಾರು ಬೇಕಾದರೂ ಸರ್ವರ್ ನಡೆಸಬಹುದು, ಯಾರು ಬೇಕಾದರೂ ಅದಕ್ಕೆ ಹೊಂದುವ ಕ್ಲೈಂಟ್ ಬರೆಯಬಹುದು. ಆದ್ದರಿಂದಲೇ ಆರಿಸಿಕೊಳ್ಳುವ ತಾಪತ್ರಯ. ವಾಟ್ಸ್ಆ್ಯಪ್‌ನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ, ಅವರು ಕೊಟ್ಟದ್ದನ್ನು ತೆಗೆದುಕೊಳ್ಳಬೇಕು. ನೆಂಟರಿಷ್ಟರ ಜೊತೆ ಮಾತಾಡಲು ಐಆರ್‌ಸಿ ಹಾಕಿಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಇಲ್ಲಿ ಜನ ಕಡಿಮೆಯಾಗುತ್ತಿರುವುದೂ ನಿಜ. ಮೊಜಿಲ್ಲಾ ಸಂಸ್ಥೆ 2020ರಲ್ಲಿ ತನ್ನ ಐಆರ್‌ಸಿ ಸರ್ವರ್ ಮುಚ್ಚಿ ಮೇಟ್ರಿಕ್ಸ್ ಎಂಬ ಬೇರೆ ಮಾತುಕತೆಯ ವ್ಯವಸ್ಥೆಗೆ ಹೋಯಿತು. 2021ರ ಮೇ ತಿಂಗಳಲ್ಲಿ ಫ್ರೀನೋಡ್ ಎಂಬ ಐಆರ್‌ಸಿ ಜಾಲದ ಒಡೆತನದ ಜಗಳವಾಗಿ, ಅದನ್ನು ನಡೆಸುತ್ತಿದ್ದ ಸ್ವಯಂಸೇವಕರಲ್ಲಿ ಬಹುತೇಕರು ಎದ್ದು ಬಂದು ಲಿಬೆರಾ ಚಾಟ್ ಎಂಬ ಹೊಸ ಜಾಲ ಕಟ್ಟಿದರು. ಇಷ್ಟಾದರೂ ಡೆಬಿಯನ್ ಎಂಬ ಉಚಿತ ಲಿನಕ್ಸ್ ವ್ಯವಸ್ಥೆಯವರು ಓಎಫ್‌ಟಿಸಿ ಜಾಲದಲ್ಲಿ ಸಿಗುತ್ತಾರೆ, ವಿಕಿಮೀಡಿಯಾದವರು ಲಿಬೆರಾದಲ್ಲಿ ಸಿಗುತ್ತಾರೆ. ತಂತ್ರಾಂಶ ಬರೆದವರನ್ನೇ ನೇರವಾಗಿ ಕೇಳಿ ಉತ್ತರ ಪಡೆಯಬಹುದಾದ ಇಂಥ ಜಾಗಗಳು ಬಹಳ ಇಲ್ಲ.

ನನ್ನ ಅಂಗಡಿಯಲ್ಲಿ ಈ ವಿಷಯ ಮತ್ತೆ ಮತ್ತೆ ಏಳಲು ಕಾರಣವಿದೆ. ವಿಂಡೋಸ್ 10ಕ್ಕೆ ಸಾಮಾನ್ಯ ಭದ್ರತಾ ಪರಿಷ್ಕರಣೆ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಳೆಯ ಕಂಪ್ಯೂಟರ್ ವಿಂಡೋಸ್ 11 ಒಪ್ಪುವುದಿಲ್ಲ. ಮಕ್ಕಳ ಓದಿಗೆಂದು, ತೋಟದ ಚೆಕ್‌ರೋಲ್ ಬರೆಯಲೆಂದು ತೆಗೆದುಕೊಂಡ ಯಂತ್ರವನ್ನು ಎಸೆಯುವ ಮನಸ್ಸು ಯಾರಿಗೂ ಇಲ್ಲ, ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷವಾದರೂ ಇಲ್ಲ. ಅವಕ್ಕೆ ಡೆಬಿಯನ್ ಹಾಕಿಕೊಡುತ್ತೇನೆ. ಹಾಕಿಕೊಡುವುದು ಸುಲಭ, ವೈಫೈ ಹಿಡಿಯಲಿಲ್ಲ, ಪ್ರಿಂಟರ್ ಮುನಿಸಿಕೊಂಡಿತು, 'ನುಡಿ' ತಂತ್ರಾಂಶದಲ್ಲಿ ಹೊಡೆದ ಹಳೆಯ ಕಡತ ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ ಎಂದು ಮರುದಿನ ಬರುವವರಿಗೆ ಉತ್ತರ ಕೊಡುವುದು ಕಷ್ಟ. ನನಗೆ ಗೊತ್ತಿಲ್ಲದ್ದನ್ನು ನಾನು ಕೇಳುವುದು ಐಆರ್‌ಸಿಯಲ್ಲಿ. ಈಚೆಗೆ ಕಾಲೇಜಿನ ಹುಡುಗರು, ಅವರಿಗಿಂತ ಹೆಚ್ಚಾಗಿ ಹುಡುಗಿಯರು, ತಾವೇ ಕೇಳುತ್ತೇವೆ, ಹಾಕಿಕೊಡಿ ಎನ್ನುತ್ತಾರೆ.

ಇನ್ನು ಮಳೆಯ ಮಾತು. ಪುನರ್ವಸು ಹಿಡಿದು ಆಶ್ಲೇಷಾ ಮುಗಿಯುವವರೆಗೆ ನಮ್ಮ ಕಡೆ ಸಿಲ್ವರ್ ಮರವೋ ಅದರ ಕೊಂಬೆಯೋ ತಂತಿಯ ಮೇಲೆ ಬೀಳುವುದು ಸುದ್ದಿಯೇ ಅಲ್ಲ. ಅಂಗಡಿಯ ಯುಪಿಎಸ್ ಕಂಪ್ಯೂಟರನ್ನು ಸ್ವಲ್ಪ ಹೊತ್ತು ಹಿಡಿದಿಡುತ್ತದೆ, ಆದರೆ ಗುಡ್ಡದ ಮೇಲಿನ ಮೊಬೈಲ್ ಗೋಪುರದ ಬ್ಯಾಟರಿ ಮುಗಿದರೆ ಯುಪಿಎಸ್ ಇಟ್ಟುಕೊಂಡು ಏನು ಮಾಡುವುದು. ಸಂಪರ್ಕ ಐದು ನಿಮಿಷ ಬರುತ್ತದೆ, ಹತ್ತು ನಿಮಿಷ ಹೋಗುತ್ತದೆ. ಆಗ ಐಆರ್‌ಸಿಯಲ್ಲಿ ನಡೆಯುವುದು ಹೀಗೆ. ಸರ್ವರ್ ಆಗಾಗ ಪಿಂಗ್ ಎಂಬ ಸಂದೇಶ ಕಳುಹಿಸಿ ನೀವು ಇದ್ದೀರಾ ಎಂದು ವಿಚಾರಿಸುತ್ತದೆ. ಉತ್ತರ ಬಾರದಿದ್ದರೆ ಸ್ವಲ್ಪ ಕಾದು ನಿಮ್ಮನ್ನು ಹೊರಹಾಕುತ್ತದೆ. ಆದರೆ ಅದು ಕಾಯುತ್ತಿರುವಾಗಲೇ ನಿಮ್ಮ ಸಂಪರ್ಕ ಮರಳಿ ಬಂದು ಮತ್ತೆ ಒಳಗೆ ಹೋದಿರಿ ಎನ್ನಿ, ಹಳೆಯ ನೀವು ಇನ್ನೂ ಅಲ್ಲೇ ಇರುತ್ತೀರಿ. ಆ ಹೆಸರು ಬಳಕೆಯಲ್ಲಿದೆ ಎಂದು ಸರ್ವರ್ ನಿರಾಕರಿಸುತ್ತದೆ, ಕ್ಲೈಂಟ್ ಹೆಸರಿನ ಕೊನೆಗೆ ಒಂದು ಅಡಿಗೆರೆ ಸೇರಿಸಿ ಒಳಗೆ ಬಿಡಿಸುತ್ತದೆ. ಹೆಸರು ನೋಂದಾಯಿಸಿದವರಿಗೆ ಮಾತ್ರ ಪ್ರವೇಶವಿರುವ ಚಾನೆಲ್ (ಮಾತುಕತೆಯ ಕೋಣೆ) ಆದರೆ ಬಾಗಿಲಲ್ಲೇ ನಿಲ್ಲಬೇಕು.

ಆದ್ದರಿಂದ ನಮ್ಮ ಕಡೆಯವರು ಕ್ಲೈಂಟ್‌ನಲ್ಲಿ ಮೊದಲು ಹುಡುಕಬೇಕಾದದ್ದು ಸಂಪರ್ಕ ಕಡಿದರೆ ತಾನಾಗಿ ಮತ್ತೆ ಸೇರುವ, ಸೇರಿದ ಮೇಲೆ ಹಿಂದಿನ ಚಾನೆಲ್‌ಗಳಿಗೆ ತಾನಾಗಿ ಹೋಗುವ ಸೌಲಭ್ಯವನ್ನು. ಎಸ್‌ಎಎಸ್‌ಎಲ್ ಎಂಬ ವಿಧಾನದಲ್ಲಿ ಪಾಸ್‌ವರ್ಡ್ ಕೊಡುವಂತಿರಬೇಕು. ಹಾಗಿದ್ದರೆ ಚಾನೆಲ್ ಸೇರುವ ಮೊದಲೇ ನಿಮ್ಮ ಗುರುತು ಸ್ಥಾಪನೆಯಾಗಿರುತ್ತದೆ, ಅಡಿಗೆರೆ ಅಂಟಿದ್ದರೂ ಒಳಗೆ ಬಿಡುತ್ತಾರೆ. ಮರುಸಂಪರ್ಕದ ನಡುವಿನ ಬಿಡುವು ಎಷ್ಟು ಎಂದು ನಾವೇ ನಿಗದಿಪಡಿಸುವಂತಿರಬೇಕು. ಗೋಪುರ ಕಣ್ಣುಮುಚ್ಚಾಲೆ ಆಡುವಾಗ ಎರಡೆರಡು ಸೆಕೆಂಡಿಗೆ ಬಾಗಿಲು ಬಡಿದರೆ ಸರ್ವರ್ ಬೇಸತ್ತು ಕೆಲಕಾಲ ಸೇರಿಸಿಕೊಳ್ಳುವುದೇ ಇಲ್ಲ. ಮಾತುಕತೆಯನ್ನು ಸಾದಾ ಪಠ್ಯದ ಕಡತವಾಗಿ ಡಿಸ್ಕ್‌ನಲ್ಲಿ ಬರೆದಿಡಬೇಕು. ಹೋದ ವರ್ಷ ಯಾರೋ ಹೇಳಿದ ಪ್ರಿಂಟರ್ ಆಜ್ಞೆ ಈ ವರ್ಷ ಮತ್ತೆ ಬೇಕಾಗುತ್ತದೆ. ನಿಮ್ಮ ಬರಹದ ಪಟ್ಟಿಯಲ್ಲಿ ಇವುಗಳಲ್ಲಿ ಒಂದಕ್ಕೂ ಜಾಗ ಸಿಕ್ಕಿಲ್ಲ, ಇಮೋಜಿಗೆ ಸಿಕ್ಕಿದೆ.

ಬರಹದ ಕೊನೆಯಲ್ಲಿ ವಿಪತ್ತಿನ ಹೊತ್ತಿನಲ್ಲಿ ಐಆರ್‌ಸಿ ಕೈಹಿಡಿಯುತ್ತದೆ ಎಂಬ ಮಾತೂ ಇದೆ. 1991ರ ಕೊಲ್ಲಿ ಯುದ್ಧದ ಸುದ್ದಿ ಐಆರ್‌ಸಿಯಲ್ಲಿ ಹರಿದು ಬಂದದ್ದು ಚರಿತ್ರೆ, ಒಪ್ಪುತ್ತೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ರಸ್ತೆ, ಕರೆಂಟು, ಫೋನು ಒಟ್ಟಿಗೆ ಹೋದದ್ದನ್ನು ಕಂಡ ಜಿಲ್ಲೆಯಲ್ಲಿ ಈ ಮಾತನ್ನು ಇಷ್ಟು ಹಗುರಾಗಿ ಅಚ್ಚು ಹಾಕಬಾರದಿತ್ತು. ಇಂಟರ್‌ನೆಟ್ ಇಲ್ಲದಿದ್ದರೆ ಐಆರ್‌ಸಿಯೂ ಇಲ್ಲ. ದುರ್ಬಲ ಸಂಪರ್ಕದಲ್ಲಿಯೂ ತೆವಳಿಕೊಂಡು ಹೋಗುತ್ತದೆ ಎನ್ನುವುದು ಮಾತ್ರ ನಿಜ, ಏಕೆಂದರೆ ಒಂದು ಸಾಲಿನ ತೂಕ ಹೆಚ್ಚೆಂದರೆ 512 ಬೈಟ್.

ಆ 512 ಬೈಟ್ ಕನ್ನಡದವರಿಗೆ ಹೇಗೆ ಸುಂಕ ಹಾಕುತ್ತದೆ ನೋಡಿ. ಸರ್ವರ್ ಒಂದು ಸಂದೇಶಕ್ಕೆ ಕೊಡುವ ಜಾಗ ಅಷ್ಟೇ. ಕಳುಹಿಸಿದವರ ಹೆಸರು, ಚಾನೆಲ್ ಹೆಸರು, ಆಜ್ಞೆ, ಸಾಲಿನ ಕೊನೆಯ ಗುರುತು ಎಲ್ಲವೂ ಅದರೊಳಗೇ ಬರಬೇಕು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ವ್ಯಂಜನಕ್ಕೆ ಮೂರು, ಅದಕ್ಕೆ ಹಚ್ಚುವ ಸ್ವರಚಿಹ್ನೆಗೆ ಮೂರು, ಒತ್ತು ಕೊಡಲು ಬೇಕಾದ ಹಲಂತ ಚಿಹ್ನೆಗೂ ಮೂರು. ಸ್ತ್ರೀ ಎಂಬ ಒಂದೇ ಅಕ್ಷರ 18 ಬೈಟ್ ನುಂಗುತ್ತದೆ. ಸೋಮವಾರಪೇಟೆ ಎಂದು ಊರ ಹೆಸರು ಬರೆದರೆ 30 ಬೈಟ್ ಹೋಯಿತು. ಉದ್ದನೆಯ ಎರಡು ಕನ್ನಡ ವಾಕ್ಯ ಬರೆಯುವಷ್ಟರಲ್ಲಿ ಸಾಲು ತುಂಬಿರುತ್ತದೆ. ಉಳಿದದ್ದನ್ನು ಸರ್ವರ್ ಹೇಳದೆ ಕೇಳದೆ ಕತ್ತರಿಸುತ್ತದೆ, ಕತ್ತರಿ ಅಕ್ಷರದ ನಡುವೆಯೇ ಬಿದ್ದರೆ ಎದುರಿನವರಿಗೆ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಡಬ್ಬಿ ಕಾಣುತ್ತದೆ. ಒಳ್ಳೆಯ ಕ್ಲೈಂಟ್ ಆದರೆ ಬೈಟ್ ಎಣಿಸಿಕೊಂಡು, ಪದಗಳ ನಡುವಿನ ಖಾಲಿ ಜಾಗ ನೋಡಿ, ತಾನೇ ಎರಡು ಸಂದೇಶವಾಗಿ ಒಡೆದು ಕಳುಹಿಸುತ್ತದೆ. ಯಾವುದನ್ನೇ ಹಾಕಿಕೊಂಡರೂ ಮೊದಲು ಒಂದು ಉದ್ದದ ಕನ್ನಡ ಪ್ಯಾರಾ ಅಂಟಿಸಿ ನಿಮ್ಮದೇ ಇನ್ನೊಂದು ಹೆಸರಿಗೆ ಕಳುಹಿಸಿ ನೋಡಿ. 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಿಂದ ನಕಲಿಸಿ ಅಂಟಿಸಬೇಡಿ, ಯೂನಿಕೋಡ್ ಆಗಿರಲಿ. ಇಲ್ಲದಿದ್ದರೆ ಯಾವ ಕ್ಲೈಂಟೂ ನಿಮ್ಮನ್ನು ಕಾಪಾಡದು.

ಪರದೆಯ ಮೇಲೆ ಅಕ್ಷರ ಮೂಡುವುದು ಇನ್ನೊಂದು ಕಥೆ. ಇರ್ಸಿ ಎಂಬ ಕ್ಲೈಂಟ್ 1999ರದ್ದು, ವೀಚಾಟ್ ಎಂಬುದು 2003ರದ್ದು. ಎರಡೂ ಕಪ್ಪು ಟರ್ಮಿನಲ್ ಕಿಟಕಿಯೊಳಗೆ ಓಡುತ್ತವೆ. ಎಂಥ ಹಳೆಯ ಯಂತ್ರದಲ್ಲಿಯೂ ಹಗುರ, ಮೌಸ್‌ನ ಹಂಗಿಲ್ಲ, ಅನುಭವಸ್ಥರು ಇವನ್ನು ಬಿಟ್ಟು ಬೇರೆ ಮುಟ್ಟುವುದಿಲ್ಲ. ನಿಮ್ಮ ಬರಹಗಾರರೂ ವೀಚಾಟ್‌ಗೆ ಪೂರ್ಣ ಅಂಕ ಕೊಟ್ಟಿದ್ದಾರೆ. ಇಂಗ್ಲಿಷಿಗೆ ನಾನೂ ಕೊಡುತ್ತೇನೆ. ಆದರೆ ಟರ್ಮಿನಲ್ ಎಂಬುದು ಹಳೆಯ ಟೈಪ್‌ರೈಟರ್ ಇದ್ದಂತೆ, ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಚೌಕ. ಕನ್ನಡದ ಅಕ್ಷರ ಆ ಚೌಕಕ್ಕೆ ಒಗ್ಗುವುದಿಲ್ಲ: ಣ ಅಗಲ, ರ ಕಿರಿದು, ಒತ್ತು ಕೆಳಗೆ ಇಳಿಯಬೇಕು, ದೀರ್ಘ ಬಲಕ್ಕೆ ಚಾಚಬೇಕು. ಬಹುತೇಕ ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತದೆ, ಇಲ್ಲವೇ ಒಂದರ ಮೇಲೊಂದು ಹತ್ತಿ ಕೂರುತ್ತದೆ, ತಿದ್ದಲು ಹೋದರೆ ಕರ್ಸರ್ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಮದುವೆಯ ಆಮಂತ್ರಣದಲ್ಲಿ ಒಂದು ಒತ್ತು ತಪ್ಪಿದರೂ ಗಿರಾಕಿಯಿಂದ ಬೈಸಿಕೊಳ್ಳುವವಳು ನಾನು; ಇಂಥ ಪರದೆಯನ್ನು ದಿನವಿಡೀ ನೋಡುತ್ತಾ ಕೂರಲು ನನ್ನಿಂದ ಆಗದು. ಕನ್ನಡದಲ್ಲಿ ಬರೆಯುವವರಿಗೆ ಕಿಟಕಿ, ಗುಂಡಿ ಇರುವ ಕ್ಲೈಂಟೇ ಸರಿ. ಡೆಬಿಯನ್ ಆದರೆ ಗುಬ್ಬಿ, ನವಿಲು ಎಂಬ ಅಕ್ಷರವಿನ್ಯಾಸಗಳು ಅದರ ಭಂಡಾರದಲ್ಲೇ ಸಿಗುತ್ತವೆ, ಐಬಸ್ ಎಂಬ ತಂತ್ರಾಂಶದ ಮೂಲಕ ಕ.ಗ.ಪ. ಕೀಲಿಮಣೆಯನ್ನೂ ಹಾಕಿಕೊಳ್ಳಬಹುದು.

ಹೆಸರು ಹಿಡಿದು ಹೇಳಬೇಕೆಂದರೆ, ಲಿನಕ್ಸ್‌ನಲ್ಲಿ ನನ್ನ ಆಯ್ಕೆ ಕೆಡಿಇ ಎಂಬ ಡೆಸ್ಕ್‌ಟಾಪ್ ಬಳಗದ ಕಾನ್ವರ್ಸೇಷನ್. ಮೇಲೆ ಹೇಳಿದ ಮರುಸಂಪರ್ಕ, ಎಸ್‌ಎಎಸ್‌ಎಲ್, ದಾಖಲೆ ಎಲ್ಲ ಇದೆ, ಕನ್ನಡ ನನ್ನ ಯಂತ್ರದಲ್ಲಿ ಅಚ್ಚುಕಟ್ಟಾಗಿ ಮೂಡುತ್ತದೆ. ಒಂದೇ ಕೊರತೆ: ಕೆಡಿಇ ಇಲ್ಲದ ಯಂತ್ರಕ್ಕೆ ಹಾಕುವಾಗ ಅದರ ಬಂಧುಬಳಗವೆಲ್ಲ ಹಿಂದೆಯೇ ಇಳಿಯುತ್ತದೆ. ಮೊಬೈಲ್ ಡೇಟಾದಲ್ಲಿ ಇಳಿಸುವವರು ಬಿಸಿಲಿರುವ ದಿನ ನೋಡಿಕೊಳ್ಳಿ. ನಿಮ್ಮ ಬರಹದಲ್ಲಿ ಮೊದಲ ಸ್ಥಾನ ಪಡೆದ ಹೆಕ್ಸ್‌ಚಾಟ್ ನನಗೂ ಇಷ್ಟವಾಗಿತ್ತು, ಹೊಸಬರಿಗೆ ಅದರಷ್ಟು ಸರಳವಾದದ್ದು ಕಡಿಮೆ. ಆದರೆ 2024ರ ಫೆಬ್ರುವರಿಯಲ್ಲಿ ಬಂದ 2.16.2 ತಮ್ಮ ಕೊನೆಯ ಆವೃತ್ತಿ ಎಂದು ಅದನ್ನು ನೋಡಿಕೊಳ್ಳುತ್ತಿದ್ದವರೇ ಪ್ರಕಟಿಸಿದ್ದಾರೆ. ಇಂದು ಓಡುತ್ತದೆ. ನಾಳೆ ಅದರಲ್ಲೊಂದು ಭದ್ರತೆಯ ತೂತು ಕಂಡರೆ ಮುಚ್ಚುವವರು ಯಾರು? ಈಗ ಬಳಸುತ್ತಿರುವವರು ಗಾಬರಿಪಟ್ಟು ತೆಗೆಯಬೇಕಿಲ್ಲ, ಹೊಸದಾಗಿ ಶುರುಮಾಡುವವರಿಗೆ ಅದನ್ನು ಮೊದಲನೆಯದಾಗಿ ಸೂಚಿಸುವುದು ಮಾತ್ರ ಸರಿಯಲ್ಲ.

ವಿಂಡೋಸ್ ಬಿಡಲಾರದವರಿಗೆ ಎಂಐಆರ್‌ಸಿ ಇದ್ದೇ ಇದೆ. ಖಾಲೆದ್ ಮರ್ದಮ್-ಬೇ 1995ರಲ್ಲಿ ಹೊರತಂದದ್ದು, ಇಂದಿಗೂ ಅವರೇ ಸಾಕುತ್ತಿದ್ದಾರೆ. ಸೈಬರ್ ಕೆಫೆಗಳ ಕಾಲದಲ್ಲಿ ಚಾಟ್ ಎಂದರೆ ಅದೇ ಆಗಿತ್ತು. 7ನೇ ಆವೃತ್ತಿಯಿಂದ ಯೂನಿಕೋಡ್ ಪೂರ್ತಿಯಾಗಿ ಬಂದಿದೆ. ಇದು 30 ದಿನ ಬಳಸಿ ನೋಡಿ ಆಮೇಲೆ ಹಣ ಕೊಡಬೇಕಾದ ತಂತ್ರಾಂಶ. ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಓಡಾಡುವ 'ಪೂರ್ತಿ ಆವೃತ್ತಿ' ಎಂಬುದನ್ನು ದಯವಿಟ್ಟು ಮುಟ್ಟಬೇಡಿ, ಜೊತೆಗೆ ಬರುವ ಸ್ಕ್ರಿಪ್ಟ್‌ಗಳು ನಿಮ್ಮ ಯಂತ್ರವನ್ನು ಯಾರದೋ ಚಾಕರಿಗೆ ಹಚ್ಚಬಹುದು. ದುಡ್ಡು ಕೊಡಲು ಇಷ್ಟವಿಲ್ಲದವರು ಅದರ ಹೋಲಿಕೆಯಲ್ಲೇ ಇರುವ, ಉಚಿತವಾದ ಆದಿಐಆರ್‌ಸಿ ನೋಡಲಿ. ಪಿಜಿನ್ ಎಂಬ ಚಾಟ್ ತಂತ್ರಾಂಶ, ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶ ಇವುಗಳಲ್ಲಿಯೂ ಐಆರ್‌ಸಿ ಇದೆ, ಆದರೆ ಅಲ್ಲಿ ಅದು ನೆಂಟರ ಮನೆಯ ಕೂಸು. ಅಂಚೆ ನೋಡುವಾಗ ಅಪರೂಪಕ್ಕೆ ಇಣುಕುವವರಿಗೆ ಸಾಕು. ಮೇಕ್ ಇರುವವರು ನನ್ನ ಅಂಗಡಿಗೆ ಬರುವುದಿಲ್ಲ, ಅವರ ಬಗ್ಗೆ ನಾನು ಹೇಳುವುದೂ ಇಲ್ಲ.

ನಿಮ್ಮ ಬರಹ ಕ್ವಾಸೆಲ್ ಬಗ್ಗೆ ಒಂದೇ ಸಾಲು ಬರೆದು 'ಗೊಂದಲದ ವ್ಯವಸ್ಥೆ' ಎಂದು ತಳ್ಳಿಹಾಕಿದೆ. ಕೊಡಗಿನವರಿಗೆ ಹೆಚ್ಚು ಹೇಳಬೇಕಾಗಿದ್ದದ್ದು ಅದರ ಬಗ್ಗೆಯೇ. ಸಾಮಾನ್ಯ ಐಆರ್‌ಸಿ ಸರ್ವರ್‌ಗಳು ಹಿಂದಿನ ಮಾತನ್ನು ಕೂಡಿಡುವುದಿಲ್ಲ. ನೀವು ಇಲ್ಲದಾಗ ಆಡಿದ್ದು ನಿಮಗೆ ಸಿಗದು. ಸಂಜೆ ಪ್ರಶ್ನೆ ಕೇಳುತ್ತೀರಿ, ಉತ್ತರ ಗೊತ್ತಿರುವಾತ ಯೂರೋಪಿನಲ್ಲಿ ಕೆಲಸದಲ್ಲಿರುತ್ತಾನೆ, ಆತ ನೋಡಿ ಬರೆಯುವಾಗ ನಿಮ್ಮ ಊರಿನಲ್ಲಿ ಕರೆಂಟಿಲ್ಲ. 'ಐಆರ್‌ಸಿಯಲ್ಲಿ ಯಾರೂ ಉತ್ತರಿಸುವುದಿಲ್ಲ' ಎಂಬ ದೂರಿನ ಮುಕ್ಕಾಲು ಭಾಗ ಇದೇ. ಕ್ವಾಸೆಲ್‌ನಲ್ಲಿ ಎರಡು ತುಂಡು. ಕೋರ್ ಎಂಬುದು ಸದಾ ಎಚ್ಚರವಿರುವ ಒಂದು ಯಂತ್ರದಲ್ಲಿ ಕುಳಿತು ಜಾಲಕ್ಕೆ ಅಂಟಿಕೊಂಡಿರುತ್ತದೆ, ಎಲ್ಲವನ್ನೂ ಬರೆದಿಡುತ್ತದೆ. ನಿಮ್ಮ ಕಂಪ್ಯೂಟರ್‌ನಲ್ಲಿರುವುದು ಅದನ್ನು ತೋರಿಸುವ ಕಿಟಕಿ ಮಾತ್ರ. ಕರೆಂಟು ಬಂದಾಗ ಕಿಟಕಿ ತೆರೆದರೆ ನೀವಿಲ್ಲದಾಗ ನಡೆದ ಮಾತೆಲ್ಲ ಅಲ್ಲಿರುತ್ತದೆ. ಹೆಸರಿಗೆ ಅಡಿಗೆರೆಯೂ ಅಂಟುವುದಿಲ್ಲ, ಏಕೆಂದರೆ ಜಾಲದ ದೃಷ್ಟಿಯಲ್ಲಿ ನೀವು ಎದ್ದು ಹೋಗಿಯೇ ಇಲ್ಲ.

ನನ್ನ ಕೋರ್ ಇರುವುದು ಮೈಸೂರಿನಲ್ಲಿ, ಅಣ್ಣನ ಮನೆಯ ಟಿವಿಯ ಹಿಂದೆ, ಪರದೆ ಒಡೆದ ಒಂದು ಲ್ಯಾಪ್‌ಟಾಪ್‌ನಲ್ಲಿ. ಪರದೆ ಹೋದರೂ ಬ್ಯಾಟರಿ ಚೆನ್ನಾಗಿದೆ, ಅದಕ್ಕೆ ಬೇರೆ ಯುಪಿಎಸ್ ಬೇಡ. ಅತ್ತಿಗೆ ಧೂಳು ಒರೆಸುವಾಗ ವೈರ್ ಕೀಳದಂತೆ ಒಂದು ಚೀಟಿ ಅಂಟಿಸಿದ್ದೇವೆ. ಹೀಗೆ ಇಡುವವರು ಒಂದು ವಿಷಯ ಮೊದಲೇ ವಿಚಾರಿಸಿಕೊಳ್ಳಬೇಕು: ಆ ಮನೆಯ ಸಂಪರ್ಕಕ್ಕೆ ಹೊರಗಿನಿಂದ ತಲುಪಬಹುದಾದ ಐಪಿ ವಿಳಾಸ ಇರಬೇಕು. ಈಗ ಅನೇಕ ಮನೆಗಳಿಗೆ ಒಂದೇ ವಿಳಾಸವನ್ನು ಹಂಚಿರುತ್ತಾರೆ, ಅಂಥ ಕಡೆ ರೌಟರ್‌ನಲ್ಲಿ 4242ನೇ ಪೋರ್ಟ್ ಎಷ್ಟು ತೆರೆದರೂ ಒಳಗೆ ಹೋಗಲಾಗದು. ಆಗ ಬಾಡಿಗೆಯ ಸಣ್ಣ ಸರ್ವರ್ ಹಿಡಿಯಬೇಕು, ಇಲ್ಲವೇ ನಾಲ್ಕು ಗೆಳೆಯರು ಸೇರಿ ಒಂದು ಹಿಡಿಯಬಹುದು; ಕ್ವಾಸೆಲ್ ಕೋರ್ ಒಂದೇ ಇದ್ದರೂ ಹಲವರಿಗೆ ಬೇರೆ ಬೇರೆ ಖಾತೆ ಕೊಡುತ್ತದೆ. ಇದೇ ಕೆಲಸವನ್ನು ಜೆಡ್‌ಎನ್‌ಸಿ ಎಂಬ ಬೌನ್ಸರ್ ಕೂಡ ಮಾಡುತ್ತದೆ, ಅದಕ್ಕೆ ಯಾವ ಕ್ಲೈಂಟ್ ಬೇಕಾದರೂ ಜೋಡಿಸಬಹುದು. ದಿ ಲೌಂಜ್ ಎಂಬುದನ್ನು ಹಾಕಿಕೊಂಡರೆ ಬ್ರೌಸರ್‌ನಲ್ಲೇ, ಫೋನಿನಲ್ಲೂ, ಎಲ್ಲ ಕಾಣುತ್ತದೆ. ಹೀಗೆ ಮಾಡಿಕೊಂಡ ಮೇಲೆ ನಿಮ್ಮ ಕಂಪ್ಯೂಟರ್‌ನಲ್ಲಿರುವ ಕ್ಲೈಂಟ್ ಯಾವುದಾದರೂ ದೊಡ್ಡ ವ್ಯತ್ಯಾಸವಾಗುವುದಿಲ್ಲ, ಕನ್ನಡ ಸರಿಯಾಗಿ ತೋರಿಸಿದರೆ ಆಯಿತು. ಇದೆಲ್ಲ ರಗಳೆ ಎನ್ನುವವರು ಮೊದಲು ಲಿಬೆರಾದ ಅಥವಾ ಓಎಫ್‌ಟಿಸಿಯ ವೆಬ್‌ಚಾಟ್‌ನಲ್ಲಿ, ಏನನ್ನೂ ಹಾಕಿಕೊಳ್ಳದೆ, ನಾಲ್ಕು ದಿನ ಕುಳಿತು ನೋಡಲಿ. ಹಿಡಿಸಿದರೆ ಮುಂದುವರಿಯಲಿ.

ಹೆಣ್ಣುಮಕ್ಕಳಿಗೆ ಹಾಕಿಕೊಡುವಾಗ ನಾನು ಹೇಳುವ ಕೆಲವು ಮಾತು ನಿಮ್ಮ ಪುಟದಲ್ಲಿ ಇರಬೇಕಾಗಿತ್ತು. ನಿಕ್‌ನೇಮ್‌ನಲ್ಲಿ ಊರು, ಹುಟ್ಟಿದ ವರ್ಷ, ಮನೆತನದ ಹೆಸರು ಬೇಡ. ಕನ್ನಡ ಲಿಪಿಯಲ್ಲಿ ಹೆಸರಿಡಲು ದೊಡ್ಡ ಜಾಲಗಳು ಬಿಡುವುದಿಲ್ಲ, ಹೇಗೂ ಇಂಗ್ಲಿಷ್ ಅಕ್ಷರದಲ್ಲೇ ಇಡಬೇಕು. ಮರವೋ ಹಕ್ಕಿಯೋ ಇರಲಿ. ಕ್ಲೈಂಟ್ ಮೊದಲ ಸಲ ತೆರೆದಾಗ ನಿಜನಾಮ ಕೇಳುತ್ತದೆ, ಕೆಲವು ಕ್ಲೈಂಟ್‌ಗಳು ಕಂಪ್ಯೂಟರ್‌ನ ಬಳಕೆದಾರರ ಹೆಸರನ್ನು ತಾವೇ ತುಂಬಿಬಿಡುತ್ತವೆ. ಅದು ಎಲ್ಲರಿಗೂ ಕಾಣುವ ವಿವರ, ಅಳಿಸಿ ಬೇರೆ ಏನಾದರೂ ಬರೆಯಿರಿ. ಜಾಲ ಮರೆಮಾಡದಿದ್ದರೆ ನಿಮ್ಮ ಐಪಿ ವಿಳಾಸವೂ ಕಾಣುತ್ತದೆ. ಹೆಸರು ನೋಂದಾಯಿಸಿ ಮುಸುಕು ವಿಳಾಸ ಕೇಳಿ ಪಡೆಯುವ ವ್ಯವಸ್ಥೆ ಲಿಬೆರಾದಲ್ಲಿದೆ. ಡಿಸಿಸಿ ಮೂಲಕ ಕಡತ ಕಳುಹಿಸುತ್ತೇನೆ ಎಂದು ಅಪರಿಚಿತರು ಬಂದರೆ ಒಪ್ಪಬೇಡಿ. ಅದು ಸರ್ವರನ್ನು ಬದಿಗಿಟ್ಟು ನೇರವಾಗಿ ಎರಡು ಕಂಪ್ಯೂಟರ್‌ಗಳನ್ನು ಜೋಡಿಸುತ್ತದೆ. ಡಿಸಿಸಿಯನ್ನು ತಾನಾಗಿ ಒಪ್ಪುವ ಆಯ್ಕೆ ಇದ್ದರೆ ಅದನ್ನು ತೆಗೆದುಹಾಕುವುದು ನಾನು ಮಾಡುವ ಮೊದಲ ಕೆಲಸ. ಪೀಡಿಸುವವರನ್ನು ಕಿವಿಗೆ ಹಾಕಿಕೊಳ್ಳದಿರಲು ಇಗ್ನೋರ್ ಆಜ್ಞೆ ಎಲ್ಲ ಒಳ್ಳೆಯ ಕ್ಲೈಂಟ್‌ಗಳಲ್ಲಿದೆ, ಬಳಸಲು ದಾಕ್ಷಿಣ್ಯ ಬೇಡ. ಇಷ್ಟು ಹೇಳಿ ಕಳುಹಿಸಿದ ಹುಡುಗಿಯರು ಈಗ ನನಗಿಂತ ಚೆನ್ನಾಗಿ ಪ್ರಶ್ನೆ ಕೇಳುತ್ತಾರೆ: ಯಾರಾದರೂ ಇದ್ದೀರಾ ಎಂದು ಕೂಗದೆ, ಯಂತ್ರ ಯಾವುದು, ಆವೃತ್ತಿ ಯಾವುದು, ಪರದೆಯ ಮೇಲೆ ಬಂದ ದೋಷಸಂದೇಶ ಏನು ಎಂದು ಒಂದೇ ಸಲಕ್ಕೆ ಬರೆದು ಕಾಯುತ್ತಾರೆ.

ಪಟ್ಟಿಯನ್ನು ಮತ್ತೆ ಪ್ರಕಟಿಸುವುದಾದರೆ ಇಮೋಜಿಯ ಅಂಕಣ ತೆಗೆದು ಆ ಜಾಗದಲ್ಲಿ ಮರುಸಂಪರ್ಕ, ಕನ್ನಡ ಎಂಬ ಎರಡು ಅಂಕಣ ಹಾಕಿ. ಬರಹಗಾರರಿಗೆ ಪರೀಕ್ಷಿಸಲು ಯಂತ್ರ ಬೇಕಿದ್ದರೆ ಅಂಗಡಿಯಲ್ಲಿ ಹಳೆಯದು, ಹೊಸದು ಎರಡೂ ಇವೆ. ಜುಲೈಯಲ್ಲಿ ಬಂದರೆ ಸಂಪರ್ಕ ಕಡಿಯಲು ನಾವು ಬೇರೆ ಏರ್ಪಾಡು ಮಾಡಬೇಕಿಲ್ಲ. ನನ್ನ ಹೆಸರು, ವಿಳಾಸ ನಿಮ್ಮ ಮಾಹಿತಿಗಾಗಿ ಬೇರೆ ಹಾಳೆಯಲ್ಲಿ ಲಗತ್ತಿಸಿದ್ದೇನೆ. ಪತ್ರದ ಜೊತೆ ಅಚ್ಚು ಮಾಡಬೇಡಿ. ಮಾಡಿದರೆ ಮರುದಿನದಿಂದ ಪಹಣಿ, ಜೆರಾಕ್ಸ್ ಗಿರಾಕಿಗಳಿಗಿಂತ ಉಚಿತವಾಗಿ ಕ್ಲೈಂಟ್ ಹಾಕಿಸಿಕೊಳ್ಳುವವರ ಸಾಲೇ ಉದ್ದವಾಗುತ್ತದೆ.

ಇತಿ,
ಡಿಟಿಪಿ ಅಂಗಡಿಯ ಓದುಗಾರ್ತಿ,
ಸೋಮವಾರಪೇಟೆ, ಕೊಡಗು